ಒಂಬತ್ತನೆಯ ಘಟನೆಯ ಅಪರಿಚಿತ ವ್ಯಕ್ತಿ ನಾನೇ

ಸ್ವದೇಶ ರಕ್ಷಣಾ ಜಂಟಿ ಕಮಾಂಡಿನ ಮುಖ್ಯಸ್ಥರಿಗೆ,

ಮಾನ್ಯರೇ,

ನಿಮ್ಮ ಕಿರುಹೊತ್ತಿಗೆಯ ಹನ್ನೊಂದನೆಯ ಪುಟದಲ್ಲಿ ಒಂಬತ್ತನೆಯ ಘಟನೆ ಎಂದು ಒಂದು ಚಿತ್ರ ಅಚ್ಚಾಗಿದೆ. ಅದರಲ್ಲಿ ತಾರಸಿಯ ಮೂಲೆಯಲ್ಲಿ ಕೊಡೆ ಪಕ್ಕಕ್ಕಿಟ್ಟುಕೊಂಡು ಕೂತಿರುವ 'ಅಪರಿಚಿತ ವ್ಯಕ್ತಿ' ನಾನು. ತಲೆಯ ಮೇಲಿರುವುದು ನನ್ನ ಗಂಡನ ಟೋಪಿ, ಮೈಮೇಲಿರುವುದು ನೈಟಿ. ಆಕಾಶದಿಂದ ಫೋಟೋ ತೆಗೆಯುತ್ತಾರೆಂದು ಗೊತ್ತಿದ್ದರೆ ಸೀರೆಯನ್ನಾದರೂ ಉಟ್ಟುಕೊಳ್ಳುತ್ತಿದ್ದೆ. ಮುಂದಿನ ವರ್ಷ ನಿಮ್ಮ ಕಮಾಂಡಿಗೆ ಹೆಚ್ಚು ಹಣ ಬೇಕು ಎನ್ನುವುದಕ್ಕೆ ನೀವು ಸಂಸತ್ತಿನ ಮುಂದಿಟ್ಟಿರುವ ಹದಿನಾಲ್ಕು ಕಾರಣಗಳಲ್ಲಿ ನಾನೂ ಒಬ್ಬಳು ಎಂದು ತಿಳಿದ ಮೇಲೆ ನನಗೆ ಸರಿಯಾಗಿ ಊಟ ಸೇರಿಲ್ಲ. ಸಂಗತಿ ಇಷ್ಟೇ: ನಾನು ಒಣಹಾಕಿದ ಸಂಡಿಗೆಯ ದೆಸೆಯಿಂದ ನಮ್ಮ ಎದುರುಮನೆಯ ನಝೀರ್ ಹತ್ತೊಂಬತ್ತು ತಿಂಗಳಿಂದ ಈ ದೇಶ ಬಿಟ್ಟು ಹೊರಡುವಂತಿಲ್ಲ. ಅವನ ಹೆಂಡತಿ, ಮಗಳು ಈ ದೇಶದೊಳಗೆ ಬರುವಂತಿಲ್ಲ. ತನಿಖೆ ಮುಗಿದಿಲ್ಲವೆಂದು ನೀವು ಹೇಳುತ್ತೀರಿ. ತನಿಖೆ ಮುಗಿಸುವುದಕ್ಕೆ ಬೇಕಾದದ್ದೆಲ್ಲ ನನ್ನ ಹತ್ತಿರ ಇದೆ, ಕೇಳುವವರು ಮಾತ್ರ ಸಿಗುತ್ತಿಲ್ಲ.

ಇದನ್ನು ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಇಂಗ್ಲಿಷಿನಲ್ಲಿ ಎರಡು ಸಲ ಬರೆದೆ, ಮಲಯ ಭಾಷೆಯಲ್ಲಿ ಒಂದು ಸಲ ಬರೆದೆ. ಮೂರಕ್ಕೂ ಒಂದೇ ಉತ್ತರ ಬಂತು, 'ನಿಮ್ಮ ಸಂದೇಶ ತಲುಪಿದೆ, ಸಂಬಂಧಪಟ್ಟವರು ಗಮನಿಸುತ್ತಾರೆ' ಎಂದು. ಅದು ಯಂತ್ರ ಬರೆದ ಉತ್ತರ. ಪಾಪ, ಅದಕ್ಕಾದರೂ ಉತ್ತರ ಕೊಡಬೇಕೆಂಬ ಸಂಸ್ಕಾರವಿದೆ. ಆಮೇಲೆ ನಿಮ್ಮ ಬೇಡಿಕೆಯ ಪಟ್ಟಿಯನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಶಾಖ ಕಾಣುವ ಹೊಸ ಡ್ರೋನುಗಳು, ಆಡಳಿತ ರಾಜಧಾನಿ ಪುತ್ರಜಯಾದಲ್ಲಿ ಇನ್ನೊಂದು ಕಟ್ಟಡ, ಅದಕ್ಕೊಂದು ನಿಯಂತ್ರಣ ಕೊಠಡಿ. ಜೊತೆಗೆ, ಜಗತ್ತಿನ ಯಾವುದೇ ಭಾಷೆಯಲ್ಲಿ ಪ್ರಕಟವಾದ ಬರಹವನ್ನು ಓದಿ ಅಪಾಯದ ಸುಳಿವು ಹಿಡಿಯುವ ಒಂದು ವ್ಯವಸ್ಥೆ. ಅದು ಈಗಾಗಲೇ ಪ್ರಾಯೋಗಿಕವಾಗಿ ಓಡುತ್ತಿದೆಯಂತೆ. ಒಳ್ಳೆಯದೇ ಆಯಿತು. ಪೆನಾಂಗಿನ ಕನ್ನಡದವರು ನಡೆಸುವ ಈ ಮಾಸಪತ್ರಿಕೆಗೆ ನೂರ ಎಂಬತ್ತು ಜನ ಓದುಗರಿದ್ದಾರೆ, ನಿಮ್ಮ ಯಂತ್ರ ನೂರ ಎಂಬತ್ತೊಂದನೆಯದು. ಅದರ ಕಣ್ಣಿಗೆ ಬೀಳಲಿ ಎಂದು ಡ್ರೋನ್, ವಿಮಾನ ನಿಲ್ದಾಣ, ನೀರಿನ ಟ್ಯಾಂಕ್, ಬಾಂಬು ಎಂಬ ಪದಗಳನ್ನು ಹಾಕಿದ್ದೇನೆ. ಮೊದಲ ಮೂರಕ್ಕೆ ಈ ಪತ್ರದಲ್ಲಿ ಕೆಲಸವಿದೆ, ಕೊನೆಯದು ಬರೀ ಯಂತ್ರಕ್ಕಾಗಿ.

ನನ್ನ ಪರಿಚಯ ಹೇಳಿಬಿಡುತ್ತೇನೆ, ಹೇಗೂ ಅದೇ ತಾನೇ ನಿಮ್ಮ ಪುಸ್ತಕದಲ್ಲಿ ಇಲ್ಲದಿರುವುದು. ಹೆಸರು ವಾಸಂತಿ. ಹುಟ್ಟಿದ್ದು ಮೈಸೂರಿನಲ್ಲಿ. ಇಪ್ಪತ್ತೆರಡು ವರ್ಷಗಳಿಂದ ಪೆನಾಂಗ್ ವಿಮಾನ ನಿಲ್ದಾಣದ ಪಕ್ಕದ ಬಯಾನ್ ಲೆಪಾಸ್‌ನ ಒಂದು ಚಿಪ್ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಎಂಜಿನಿಯರ್. ಗಂಡ ತ್ರಿವಿಕ್ರಮ ಮನೆಯಿಂದಲೇ ಕಂಪ್ಯೂಟರಿನ ಮುಂದೆ ಕೂತು ಸಿಂಗಪುರದ ಕಂಪನಿಯೊಂದಕ್ಕೆ ದುಡಿಯುತ್ತಾರೆ. ಹದಿನಾರನೆಯ ಮಹಡಿಯಲ್ಲಿ ನಮ್ಮ ಬಾಗಿಲಿಗೆ ಎದುರು ಬಾಗಿಲು ನಝೀರನದು. ಅವನು ರಾಣೆಬೆನ್ನೂರಿನವನು, ವೈದ್ಯಕೀಯ ಉಪಕರಣಗಳ ಕಾರ್ಖಾನೆಯಲ್ಲಿ ಯಂತ್ರಗಳ ದುರಸ್ತಿ ನೋಡಿಕೊಳ್ಳುತ್ತಾನೆ. ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು, ನನ್ನನ್ನು ಅಕ್ಕಾರ ಎಂದು ಕರೆಯುತ್ತಾನೆ. ಹಾಗಾಗಿ ಈ ಪತ್ರದಲ್ಲಿ ಅವನಿಗೆ ಏಕವಚನ, ನಿಮಗೆ ಬಹುವಚನ.

ನಝೀರನ ಹೆಂಡತಿ ಖುರ್ಷೀದಾ ಪ್ರತಿ ವರ್ಷ ರಂಜಾನಿಗೆ ಮುಂಚೆ ನನ್ನ ಜೊತೆ ಕೂತು ಸಂಡಿಗೆ ಇಡುತ್ತಿದ್ದಳು. ಅವಳ ಮನೆಗೆ ಇಫ್ತಾರಿಗೆ, ನಮ್ಮ ಮನೆಗೆ ವರ್ಷದ ಸಾರು ಅನ್ನಕ್ಕೆ. ಎರಡು ಸಾವಿರದ ಇಪ್ಪತ್ತರ ಫೆಬ್ರವರಿಯಲ್ಲಿ ಅವಳು ತಂಗಿಯ ಮದುವೆಗೆಂದು ಮೂರು ವರ್ಷದ ಮಗಳು ಖುಶ್ನುಮಾಳನ್ನು ಕರೆದುಕೊಂಡು ಗದಗಿಗೆ ಹೋದಳು. ಮಾರ್ಚಿನಲ್ಲಿ ಸಂಚಾರ ನಿರ್ಬಂಧ ಬಂತು, ವಿಮಾನಗಳು ನಿಂತವು, ಅವರಿಬ್ಬರೂ ಅಲ್ಲೇ ಉಳಿದರು. ಏಪ್ರಿಲಿನಲ್ಲಿ ಅವಳು ಫೋನು ಮಾಡಿ, "ಅಕ್ಕಾರ, ಈ ಸರತಿ ನೀವ ಒಬ್ಬರ ಇಟ್ಟುಬಿಡ್ರಿ. ಇಲ್ಲಾಂದ್ರ ನಮ್ಮ ಮಂದಿ ಬರೇ ಖರ್ಜೂರ ತಿಂದು ರೋಜಾ ಬಿಡ್ತಾರ" ಎಂದಳು. ನಮ್ಮ ಮಂದಿ ಎಂದರೆ ನಝೀರ್. ಸರಿ ಎಂದೆ. ಅಂಗಡಿಯಲ್ಲಿ ಸಿಕ್ಕಿದ್ದು ನಿಮ್ಮದೇ ದೇಶದ ಸಾಗು, ಅಂದರೆ ನಮ್ಮ ಸಬ್ಬಕ್ಕಿ. ದಯವಿಟ್ಟು ಇದನ್ನು ಕಡತದಲ್ಲಿ ದಾಖಲಿಸಿಕೊಳ್ಳಿ, ಪರದೇಶದ ಯಾವ ಸಾಮಗ್ರಿಯನ್ನೂ ಬಳಸಿಲ್ಲ.

ತೊಂದರೆ ಇದ್ದದ್ದು ತಾರಸಿಯದು. ಈಜುಕೊಳ, ಜಿಮ್, ತಾರಸಿ ಎಲ್ಲಕ್ಕೂ ಬೀಗ. ಕೀಲಿ ಕೇಳಲು ಕೆಳಗೆ ಹೋದರೆ ಕಾವಲುಗಾರ, "ಆಂಟಿ, ರೂಫ್ ಕ್ಲೋಸ್ ಲಾ. ಫ್ಲೋರ್ ವಾಲಂಟಿಯರ್ ಓನ್ಲಿ" ಎಂದ. ನಮ್ಮ ಮಹಡಿಯ ಸ್ವಯಂಸೇವಕ ನಝೀರನೇ. ಹೊರಗೆ ಹೋಗಲಾಗದ ಮೂರು ಮನೆಗಳಿಗೆ ಅಕ್ಕಿ, ಔಷಧಿ ತಂದುಕೊಡುತ್ತಿದ್ದವನು ಅವನು. ಅವನು ಪುಸ್ತಕದಲ್ಲಿ ಸಹಿ ಹಾಕಿ ಕೀಲಿ ತಂದ. ಪುಸ್ತಕದಲ್ಲಿ ಕಾರಣ ಬರೆಯಲು ಒಂದು ಕಾಲಮ್ ಇತ್ತು. ಸಂಡಿಗೆ ಎಂದು ಬರೆದರೆ ಕೊಡುವುದಿಲ್ಲ, "ನೀರಿನ ಟ್ಯಾಂಕ್ ನೋಡೋದು ಅಂತ ಬರಿಯಪ್ಪಾ" ಎಂದು ಹೇಳಿಕೊಟ್ಟವಳು ನಾನು. ಅದು ಸುಳ್ಳು, ಒಪ್ಪಿಕೊಳ್ಳುತ್ತೇನೆ. ಮುಚ್ಚಿದ ತಾರಸಿಗೆ ಹತ್ತಿದ್ದೂ ತಪ್ಪೇ. ಅದಕ್ಕೇನು ದಂಡವೋ ನನ್ನ ಹೆಸರಿಗೆ ಬರೆಯಿರಿ. ಆದರೆ ಅಡುಗೆಯ ಸಣ್ಣ ಸುಳ್ಳೊಂದು ಒಬ್ಬ ಮನುಷ್ಯನ ಹೆಗಲಿಗೆ ಇಷ್ಟು ಭಾರವಾಗುತ್ತದೆ ಎಂದು ಆಗ ನನಗೆ ಹೊಳೆಯಲಿಲ್ಲ.

ಶನಿವಾರ ಬೆಳಿಗ್ಗೆ ನಝೀರ್ ಹಿಟ್ಟಿನ ಪಾತ್ರೆಯನ್ನು ಮೇಲಕ್ಕೆ ಹೊತ್ತು ತಂದಿಟ್ಟು ಕೆಲಸಕ್ಕೆ ಹೋದ. ನಾನು ಹಳೆಯ ಹಾಸಿಗೆಯ ಹೊದಿಕೆ ಹಾಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಹರಡಿ, ಸಾಲಾಗಿ ಸಂಡಿಗೆ ಇಟ್ಟೆ. ಒಟ್ಟು ಇನ್ನೂರ ಐವತ್ತೆರಡು. ಸಾಲು ನೇರವಾಗಿ ಇಡುವುದು ನನ್ನ ಅಭ್ಯಾಸ, ನಮ್ಮ ತಾಯಿ ಸೊಟ್ಟ ಸಾಲಿಗೆ ಬೈಯುತ್ತಿದ್ದರು. ಪೆನಾಂಗಿನ ಕಾಗೆಗಳು ನಿಮಗೂ ಗೊತ್ತು, ಕೈಯಿಂದಲೇ ಕಿತ್ತುಕೊಳ್ಳುವ ಜಾತಿ. ಅವನ್ನು ಓಡಿಸಲು ಊರಿನಲ್ಲಿ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಬಿಚ್ಚಿದ ಕಪ್ಪು ಕೊಡೆಯನ್ನು ಪಕ್ಕಕ್ಕೆ ಇಟ್ಟುಕೊಂಡೆ. ತ್ರಿವಿಕ್ರಮರ ಹಳೆಯ ಕಂಪ್ಯೂಟರ್ ಸಿಡಿಗಳಿಗೆ ದಾರ ಪೋಣಿಸಿ, ತಂತಿಗೆ ಸಾಲಾಗಿ ನೇತುಹಾಕಿದೆ. ಗಾಳಿಗೆ ಅವು ತಿರುಗಿ ಫಳಫಳ ಹೊಳೆದರೆ ಕಾಗೆ ಹತ್ತಿರ ಸುಳಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹನ್ನೆರಡು ಸಂಡಿಗೆ ನಾನೇ ತಿಂದೆ. ಅರೆ ಒಣಗಿದ ಸಂಡಿಗೆಯ ರುಚಿ ಗೊತ್ತಿರುವ ಯಾರೂ ನನ್ನನ್ನು ದೂರುವುದಿಲ್ಲ. ಮೇಲೆ, ಮೋಡದ ಕೆಳಗೆ, ನಿಮ್ಮ ಡ್ರೋನ್ ಗುಂಯ್‌ಗುಡುತ್ತಿತ್ತು. ಯಾರೋ ಹುಡುಗರು ಆಟಕ್ಕೆ ಬಿಟ್ಟಿರಬೇಕೆಂದುಕೊಂಡೆ.

ಈಗ ನಿಮ್ಮ ಪುಸ್ತಕ ಏನನ್ನುತ್ತದೆ ನೋಡೋಣ. 'ವಿಮಾನ ನಿಲ್ದಾಣಕ್ಕೆ ಹತ್ತಿರದ ಬಹುಮಹಡಿ ಕಟ್ಟಡದ ತಾರಸಿಯಲ್ಲಿ ಪ್ರತಿಫಲಕ ಸಾಧನಗಳ ಸಾಲು. ಕ್ರಮಬದ್ಧವಾಗಿ ಜೋಡಿಸಿದ ಸುಮಾರು ಇನ್ನೂರೈವತ್ತು ಬಿಳಿ ಗುರುತುಗಳು. ಬೆಳಗಿನ ಮತ್ತು ಮಧ್ಯಾಹ್ನದ ಹಾರಾಟಗಳ ನಡುವೆ ಹನ್ನೆರಡು ಗುರುತುಗಳನ್ನು ತೆಗೆಯಲಾಗಿದ್ದು, ಸಂಕೇತ ಸಂದೇಶದ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಒಬ್ಬ ಅಪರಿಚಿತ ವ್ಯಕ್ತಿ ಆರು ಗಂಟೆ ಕಾಲ ಸ್ಥಳದಲ್ಲಿದ್ದು ಆಗಾಗ ಕೈ ಬೀಸುತ್ತಿದ್ದುದು ಕಂಡುಬಂದಿದೆ. ಸ್ಥಿತಿ: ತನಿಖೆ ಜಾರಿಯಲ್ಲಿದೆ.' ಮಾನ್ಯರೇ, ಕೈ ಬೀಸಿದ್ದು ಕಾಗೆಗೆ. ಹನ್ನೆರಡು ಗುರುತುಗಳು ಹೋದದ್ದು ನನ್ನ ಹೊಟ್ಟೆಗೆ. ಇಷ್ಟಕ್ಕೂ ಆ ಏಪ್ರಿಲಿನಲ್ಲಿ ಬಯಾನ್ ಲೆಪಾಸ್‌ನ ಆಕಾಶದಲ್ಲಿ ದಿನಕ್ಕೆ ನಾಲ್ಕು ವಿಮಾನ ಹಾರಿದರೆ ಹೆಚ್ಚು. ನಾನು ಸಂಕೇತ ಕೊಡುತ್ತಿದ್ದದ್ದಾದರೂ ಯಾರಿಗೆ? ಈ ಪ್ರಶ್ನೆಯನ್ನು ನಿಮ್ಮ ಕಚೇರಿಯಲ್ಲಿ ಒಬ್ಬರೂ ಕೇಳಲಿಲ್ಲವೇ, ಅಥವಾ ಕೇಳಿದವರಿಗೆ ಸುಮ್ಮನಿರಿ ಎಂದಿರೋ?

ಅದೇ ಏಪ್ರಿಲಿನ ಕೊನೆಯ ವಾರ ಮಾಸ್ಕು ಹಾಕಿದ ನಾಲ್ಕು ಜನ ಬಂದರು. ಕೀಲಿಯ ಪುಸ್ತಕದಲ್ಲಿದ್ದ ಹೆಸರು ಒಂದೇ, ಕಾರಣ ನೀರಿನ ಟ್ಯಾಂಕ್. ನಝೀರನ ಮನೆ ಹುಡುಕಿದರು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಸಂಡಿಗೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಮುದ್ರೆ ಒತ್ತಿದರು. ಪ್ರಯೋಗಾಲಯದ ವರದಿ ಈವರೆಗೂ ಬಂದಿಲ್ಲವಂತೆ. ಬಾಣಲೆಯಲ್ಲಿ ಎಣ್ಣೆ ಇಟ್ಟಿದ್ದರೆ ಎರಡೇ ನಿಮಿಷದಲ್ಲಿ ವರದಿ ಅರಳಿ ಮೇಲೆ ತೇಲುತ್ತಿತ್ತು.

ಇನ್ನು ನಾನು ಹೇಳಲೇಬೇಕಾದ, ಹೇಳಲು ನಾಲಿಗೆ ಏಳದ ಮಾತು. ಅವರು ನಮ್ಮ ಮನೆಯ ಬೆಲ್ಲನ್ನೂ ಒತ್ತಿದರು. ಎರಡು ಸಲ. ನಾನು ಬಾಗಿಲ ಹಿಂದೆಯೇ ನಿಂತಿದ್ದೆ, ಸಣ್ಣ ಕಿಂಡಿಯಲ್ಲಿ ಕಣ್ಣಿಟ್ಟುಕೊಂಡು. ತ್ರಿವಿಕ್ರಮ ಹಿಂದಿನಿಂದ ಪಿಸುಗುಟ್ಟಿದರು, "ತೆಗೀಬೇಡ ಕಣೇ. ನಮ್ಮ ಪಿಆರ್ ಅರ್ಜಿ ಅಲ್ಲಿ ಕೂತಿದೆ." ಹೌದು, ನಮ್ಮ ಖಾಯಂ ವಾಸದ ಅರ್ಜಿ ಆಗ ನಿಮ್ಮ ಸರ್ಕಾರದ ಯಾವುದೋ ಮೇಜಿನ ಮೇಲಿತ್ತು. ಎದುರಿನ ಬಾಗಿಲಲ್ಲಿ ನಝೀರ್ ನಿಂತಿದ್ದ. ಅವನು ನೇರವಾಗಿ ನಮ್ಮ ಬಾಗಿಲ ಕಿಂಡಿಯನ್ನೇ ನೋಡಿದ. ನಾನು ಅಲ್ಲಿದ್ದೇನೆಂದು ಅವನಿಗೆ ಗೊತ್ತಿತ್ತು. ಆಮೇಲೆ ಅವರ ಕಡೆ ತಿರುಗಿ, ಆ ಮನೆಯಲ್ಲಿ ಯಾರೂ ಇಲ್ಲ, ಕೆಲಸಕ್ಕೆ ಹೋಗಿದ್ದಾರೆ ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಕಿಂಡಿಯಿಂದ ಕಣ್ಣು ತೆಗೆದುಬಿಟ್ಟೆ. ಆದರೂ ಬಾಗಿಲು ತೆಗೆಯಲಿಲ್ಲ.

ಹನ್ನೊಂದು ಗಂಟೆ ವಿಚಾರಣೆ ಮಾಡಿ ಅವನನ್ನು ಬಿಟ್ಟರು. ಫೋನನ್ನು ಮೂರು ತಿಂಗಳು ಇಟ್ಟುಕೊಂಡರು. ಯಾರೂ ಕೈ ಮಾಡಲಿಲ್ಲ, ರೋಜಾ ಬಿಡುವ ಹೊತ್ತಿಗೆ ಊಟ ಕೊಟ್ಟರು, ನಮಾಜಿಗೆ ಜಾಗ ಕೊಟ್ಟರು ಎಂದು ಅವನೇ ಹೇಳಿದ್ದಾನೆ. ಅದನ್ನೂ ಇಲ್ಲಿ ದಾಖಲಿಸುತ್ತೇನೆ. ತಿನ್ನುವ ಪದಾರ್ಥ ಒಣಹಾಕಿದ್ದು, ತಾನೇ ಮಾಡಿದ್ದು ಎಂದು ಅವನು ಹೇಳಿದನಂತೆ. ನನ್ನ ಹೆಸರು ಬರಬಾರದಲ್ಲ. ಆಗ ಒಬ್ಬ ಅಧಿಕಾರಿ, ಹಾಗಾದರೆ ಹೇಗೆ ಮಾಡುತ್ತೀಯ, ಒಂದು ಲೋಟ ಸಾಗುವಿಗೆ ನೀರೆಷ್ಟು ಎಂದು ಕೇಳಿದ್ದಾರೆ. "ಅಲ್ಲೀತನಕ ಎಲ್ಲಾ ಛಲೋ ನಡದಿತ್ತು ಅಕ್ಕಾರ" ಎಂದ ನಝೀರ್, ಮರುದಿನ ರೋಜಾ ಬಿಟ್ಟ ಮೇಲೆ ನಮ್ಮ ಮನೆಯಲ್ಲಿ ಚಹಾ ಲೋಟ ಹಿಡಿದುಕೊಂಡು. "ಅಲ್ಲೇ ಸಿಕ್ಕೊಂಡೆ ನೋಡ್ರಿ. ನಾ ತಿನ್ನಾಂವ, ಮಾಡಾಂವ ಅಲ್ಲ. ಒಂದಕ್ಕ ಒಂದು ಅಂದೆ. ಆ ಸಾಹೇಬ್ರ ಅವ್ವನೂ ಸಾಗು ಕುದಸ್ತಿದ್ರಂತ, ಅವ್ರಿಗೆ ಗೊತ್ತಾಗಿಬಿಡ್ತು ಸುಳ್ಳಂತ." ಅವನು ನಕ್ಕ. ನನಗೆ ನಗಲಾಗಲಿಲ್ಲ. ಅಂದಿನಿಂದ ಅವನ ಕಡತದಲ್ಲಿ 'ಉತ್ತರಗಳಲ್ಲಿ ಹೊಂದಾಣಿಕೆ ಇಲ್ಲ' ಎಂಬ ಸಾಲು ಕೂತಿದೆ. ತನಿಖೆ ಮುಗಿಯುವವರೆಗೆ ದೇಶ ಬಿಡಬೇಡ ಎಂದು ಅವನಿಗೆ ಬರಹದಲ್ಲಿ ಕೊಟ್ಟಿದ್ದಾರೆ. ಹೆಂಡತಿ ಮಗಳು ಮರಳಿ ಬರಲು ಮೂರು ಸಲ ಅರ್ಜಿ ಹಾಕಿದ. ಮೂರು ಸಲವೂ 'ಭದ್ರತಾ ಪರಿಶೀಲನೆ ಬಾಕಿ' ಎಂದು ವಾಪಸ್ಸು ಬಂತು.

ನಾನು ಆಗಲೇ ಹೋಗಿ ಹೇಳಬಹುದಿತ್ತು. ಇವತ್ತು ಹೋಗುತ್ತೇನೆ, ನಾಳೆ ಹೋಗುತ್ತೇನೆ ಎನ್ನುತ್ತಲೇ ದಿನ ದೂಡಿದೆ. ನಝೀರನೇ ಬೇಡವೆಂದ. "ಸುಮ್ನಿರ್ರಿ ಅಕ್ಕಾರ, ಸಂಡಿಗಿ ಅಂತ ಅವ್ರಿಗೇ ತಿಳೀತದ, ತಾನ ಮುಚ್ಚತಾರ" ಎಂದ. ನನಗೂ ಅದೇ ಬೇಕಿತ್ತು. ಕಳೆದ ಮಾರ್ಚಿನಲ್ಲಿ ನಮ್ಮ ಖಾಯಂ ವಾಸ ಮಂಜೂರಾಯಿತು. ಆದೇಶದ ಜೊತೆಗಿದ್ದ ಪತ್ರದಲ್ಲಿ 'ನಡತೆ ಉತ್ತಮ' ಎಂದಿತ್ತು. ಆ ಕಾಗದವನ್ನು ಬೀರುವಿನೊಳಗೆ, ಸೀರೆಗಳ ಕೆಳಗೆ ಇಟ್ಟಿದ್ದೇನೆ.

ಅದಾಗಿ ಎರಡು ತಿಂಗಳಿಗೆ, ಮೇ ತಿಂಗಳಲ್ಲಿ, ಗದಗಿನಲ್ಲಿ ಖುರ್ಷೀದಾಗೆ ಸೋಂಕು ತಗುಲಿತು. ಒಂಬತ್ತು ದಿನ ಆಕ್ಸಿಜನ್ ಮೇಲಿದ್ದಳು. ಅವಳು ಆಸ್ಪತ್ರೆ ಸೇರಿದ ದಿನವೇ ನಝೀರ್ ನಿಮ್ಮವರಿಗೆ ಅರ್ಜಿ ಕಳಿಸಿದ. ಸರಕಿನ ವಿಮಾನವಾದರೂ ಸರಿ, ಹೋಗಲು ಅನುಮತಿ ಕೊಡಿ, ಬೇಕಾದರೆ ವಾಪಸ್ಸು ಬರುವುದೇ ಇಲ್ಲ ಎಂದು ಬರೆದ. ಆ ಒಂಬತ್ತು ದಿನವೂ ಅವನು ಕೆಲಸದಿಂದ ಬಂದು ಮೇಲಕ್ಕೆ ಬರುತ್ತಿರಲಿಲ್ಲ. ಕೆಳಗೆ ಪಾರ್ಕಿಂಗಿನಲ್ಲಿ ಕಾರಿನೊಳಗೆ ಕೂತಿರುತ್ತಿದ್ದ. ನಾನು ಅನ್ನ ತೆಗೆದುಕೊಂಡು ಇಳಿದು ಹೋದರೆ ಕಿಟಕಿ ಇಳಿಸಿ ತೆಗೆದುಕೊಳ್ಳುತ್ತಿದ್ದ. ಹಿಂದಿನ ಸೀಟಿನಲ್ಲಿ ಖುಶ್ನುಮಾಳ ಮಕ್ಕಳ ಆಸನ ಬೆಲ್ಟು ಹಾಕಿದ ಹಾಗೇ ಇತ್ತು. ಈಗಲೂ ಇದೆ. ಆ ಮಗುವಿಗೆ ಐದು ತುಂಬುತ್ತಾ ಬಂತು, ಅದರೊಳಗೆ ಅವಳು ಇನ್ನು ಹಿಡಿಸುವುದಿಲ್ಲ. ಖುರ್ಷೀದಾ ಬದುಕಿದಳು, ಅದು ನಮ್ಮ ಪುಣ್ಯ. ನಿಮ್ಮ ಉತ್ತರ ಇಪ್ಪತ್ಮೂರನೆಯ ದಿನ ಬಂತು. ಪರಿಶೀಲನೆಯಲ್ಲಿದೆ ಎಂದಿತ್ತು.

ಮಾನ್ಯರೇ, ನಾನು ಭದ್ರತೆಯ ವಿರೋಧಿಯಲ್ಲ. ವಿಮಾನಗಳು ನಮ್ಮ ಮನೆಯ ಮೇಲೇ ಇಳಿಯುತ್ತವೆ. ಅವುಗಳ ಮೇಲೆ ಯಾರಾದರೂ ಕಣ್ಣಿಟ್ಟರೆ ಮೊದಲು ಬೀಳುವುದು ನಮ್ಮ ತಲೆಯ ಮೇಲೆ. ನಿರ್ಬಂಧದ ದಿನಗಳಲ್ಲಿ ಕಾರ್ಖಾನೆಗೆ ಹೋಗುವಾಗ ಸೈನಿಕರು ರಸ್ತೆಯಲ್ಲಿ ಮಳೆಗೆ ನೆನೆಯುತ್ತ ನಿಂತಿರುತ್ತಿದ್ದರು. ನನ್ನ ಅನುಮತಿ ಪತ್ರ ಓದಿ, ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸುತ್ತಿದ್ದರು. ಅಂಥವರಿಗೆ ಒಳ್ಳೆಯ ಬೂಟು, ಒಳ್ಳೆಯ ಸಂಬಳ, ರಜೆ ಕೊಡಲು ಹಣ ಬೇಕೆಂದರೆ ನಾನೇ ಮೊದಲು ಕೈ ಎತ್ತುತ್ತೇನೆ. ನನ್ನ ತಕರಾರು ನೀವು ಹಣ ಕೇಳುವ ರೀತಿಯ ಬಗ್ಗೆ.

ನಮ್ಮ ಕಾರ್ಖಾನೆಯಲ್ಲಿ ದಿನಕ್ಕೆ ಲಕ್ಷಗಟ್ಟಲೆ ಚಿಪ್ಪುಗಳನ್ನು ಯಂತ್ರ ಪರೀಕ್ಷಿಸುತ್ತದೆ. ಒಳ್ಳೆಯದು ಈ ಕಡೆ, ಕೆಟ್ಟದ್ದು ಆ ಕಡೆ. ಕೆಟ್ಟದ್ದನ್ನು ಒಳ್ಳೆಯದೆಂದು ಬಿಟ್ಟರೆ ಅನಾಹುತ, ಅದು ಯಾರಿಗಾದರೂ ಅರ್ಥವಾಗುತ್ತದೆ. ಒಳ್ಳೆಯದನ್ನು ಕೆಟ್ಟದ್ದೆಂದು ಎಸೆದರೂ ನಮ್ಮಲ್ಲಿ ಅದು ಅಷ್ಟೇ ದೊಡ್ಡ ಅಪರಾಧ. ಅದಕ್ಕೆ ಓವರ್‌ಕಿಲ್ ಎನ್ನುತ್ತೇವೆ. ಎಸೆದದ್ದನ್ನು ಅದೇ ಪಾಳಿಯಲ್ಲಿ ಮತ್ತೊಮ್ಮೆ ಪರೀಕ್ಷಿಸದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಯಂತ್ರ ಮಾರುವವನೊಬ್ಬ ಬಂದು, ನಮ್ಮ ಯಂತ್ರ ನಿಮ್ಮದಕ್ಕಿಂತ ಮೂರುಪಟ್ಟು ಹೆಚ್ಚು ಕೆಟ್ಟ ಚಿಪ್ಪು ಹಿಡಿಯುತ್ತದೆ ಎಂದು ಕೊಚ್ಚಿಕೊಂಡ. ನಮ್ಮ ಮೇಲಧಿಕಾರಿ ಒಂದೇ ಪ್ರಶ್ನೆ ಕೇಳಿದರು, ಅದರಲ್ಲಿ ನಿಜವಾಗಿ ಕೆಟ್ಟದ್ದು ಎಷ್ಟು? ಅವನು ಚೀಲ ಕಟ್ಟಿಕೊಂಡ. ನಿಮ್ಮ ಹದಿನಾಲ್ಕು ಘಟನೆಗಳ ಬಗ್ಗೆ ಈ ಪ್ರಶ್ನೆಯನ್ನು ಸಂಸತ್ತಿನಲ್ಲಿ ಯಾರಾದರೂ ಕೇಳಿದರೇ? ಹದಿನಾಲ್ಕರ ಪೈಕಿ ಎಷ್ಟನ್ನು ಮರುಪರೀಕ್ಷೆ ಮಾಡಿದ್ದೀರಿ? ಹೆಚ್ಚು ಅಪಾಯ ಕಂಡಷ್ಟೂ ಹೆಚ್ಚು ಹಣ ಎಂದಾದರೆ, ಕಂಡದ್ದು ಅಪಾಯವಲ್ಲ ಎಂದು ಒಪ್ಪಿಕೊಳ್ಳುವ ಉತ್ಸಾಹ ಯಾವ ಕಚೇರಿಗೆ ಇರುತ್ತದೆ? ನನ್ನ ಸಂಡಿಗೆಯನ್ನು ಸಂಡಿಗೆ ಎಂದು ಬರೆದರೆ ಹದಿನಾಲ್ಕು ಹದಿಮೂರಾಗುತ್ತದೆ. ಆ ಒಂದು ಅಂಕಿಗೋಸ್ಕರ ಒಂದು ಮಗು ಅಪ್ಪನಿಲ್ಲದೆ ಬೆಳೆಯುತ್ತಿದೆ ಎಂದು ನಾನು ಹೇಳಿದರೆ ನೀವು ಇಲ್ಲ ಎನ್ನುತ್ತೀರಿ. ಹಾಗಾದರೆ ಇನ್ನೇನು ಕಾರಣ, ನೀವೇ ಹೇಳಿ. ಹತ್ತೊಂಬತ್ತು ತಿಂಗಳು ಒಂದು ಹಿಡಿ ಸಾಗುವನ್ನು ಪರೀಕ್ಷಿಸುವ ಪ್ರಯೋಗಾಲಯ ಯಾವುದು?

ಇನ್ನೊಂದು ಕೇಳುತ್ತೇನೆ. ಈ ಜುಲೈನಲ್ಲಿ ನಮ್ಮ ಎದುರಿನ ಹಳೆಯ ವಸತಿ ಕಟ್ಟಡದಲ್ಲಿ ಮೂರು ಕಿಟಕಿಗಳಿಗೆ ಬಿಳಿ ಬಟ್ಟೆ ಕಟ್ಟಿದ್ದರು. ಆ ತಿಂಗಳು ಬಿಳಿ ಬಟ್ಟೆ ಕಟ್ಟಿದರೆ ಮನೆಯಲ್ಲಿ ಊಟಕ್ಕಿಲ್ಲ ಎಂದು ಅರ್ಥ, ದೇಶಕ್ಕೆಲ್ಲ ಗೊತ್ತಿತ್ತು. ನನ್ನ ಬೆರಳಗಲದ ಸಂಡಿಗೆಗಳನ್ನು ಒಂದೊಂದಾಗಿ ಎಣಿಸಿದ ನಿಮ್ಮ ಡ್ರೋನಿಗೆ ಆ ಬಟ್ಟೆಗಳು ಕಂಡವೇ? ಅಲ್ಲಿಗೆ ತಮಿಳು ಮುಸಲ್ಮಾನರ ಮಮಕ್ ಹೋಟೆಲಿನಿಂದ ರೋಟಿ, ಕೋಳಿ ಸಾರು ತಪಾವ್ ಪೊಟ್ಟಣ ಕಟ್ಟಿಸಿಕೊಂಡು ಹೋಗಿ ಬಾಗಿಲಿಗೆ ಇಟ್ಟು ಬರುತ್ತಿದ್ದವನು ನಝೀರ್. ನಿಮ್ಮ ಕಡತದಲ್ಲಿ ಸ್ವದೇಶಕ್ಕೆ ಅಪಾಯ ಎಂದು ಕೂತಿರುವ ಅದೇ ನಝೀರ್. ಆ ಮನೆಗಳಲ್ಲಿದ್ದವರು ನಿಮ್ಮ ಪ್ರಜೆಗಳು, ನನ್ನವರೂ ಅಲ್ಲ, ಅವನವರೂ ಅಲ್ಲ.

ಕಳೆದ ತಿಂಗಳು ನಿಮ್ಮ ಪುಸ್ತಕ ಜಾಲತಾಣದಲ್ಲಿ ಬಂದಾಗ ಅದನ್ನು ಮೊದಲು ನೋಡಿದ್ದು ತ್ರಿವಿಕ್ರಮ. "ವಾಸಂತಿ, ಬಾ ಇಲ್ಲಿ. ಈ ಕೊಡೆ ನಮ್ದಲ್ವೇನೇ? ಒಂದು ಕಡ್ಡಿ ಮುರ್ದಿದೆ ನೋಡು" ಎಂದು ಕರೆದರು. ನೋಡಿದೆ. ಕೊಡೆ ನಮ್ಮದು, ಹೊದಿಕೆ ನಮ್ಮದು, ಅಪರಿಚಿತ ವ್ಯಕ್ತಿ ನಾನು. ಆಮೇಲೆ ಅವರೇ, "ಸುಮ್ಮನಿದ್ದದ್ದು ಸಾಕು ಕಣೇ" ಎಂದರು. ಅವತ್ತೇ ನಿಮಗೆ ಮೊದಲನೆಯ ಪತ್ರ ಬರೆದದ್ದು.

ಆದ್ದರಿಂದ ನನ್ನ ಹೇಳಿಕೆಯನ್ನು ಇಲ್ಲಿಯೇ ದಾಖಲಿಸುತ್ತಿದ್ದೇನೆ. ಅಂದು ನಝೀರನಿಗೆ ಉತ್ತರ ಗೊತ್ತಿರದ ಪ್ರಶ್ನೆಗೆ ಉತ್ತರ ಇದು. ಒಂದು ಲೋಟ ಸಾಗುವಿಗೆ ಆರು ಲೋಟ ನೀರು. ಸಾಗುವನ್ನು ಹಿಂದಿನ ರಾತ್ರಿ ನೆನೆಹಾಕಬೇಕು. ಬೆಳಿಗ್ಗೆ ನೀರು ಕುದಿ ಬಂದಾಗ ಹಾಕಿ, ಕಾಳು ಗಾಜಿನಂತೆ ಆಗುವವರೆಗೆ ಬಿಡದೆ ತಿರುವಬೇಕು. ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು. ಉಪ್ಪು ಕೈ ಹಿಡಿದು ಹಾಕಬೇಕು, ಒಣಗಿದ ಮೇಲೆ ಜಾಸ್ತಿಯಾಗುತ್ತದೆ. ಆರಿದ ಮೇಲೆ ನಿಂಬೆರಸ. ನಿಮ್ಮ ಆ ಅಧಿಕಾರಿಯ ತಾಯಿಯವರಿದ್ದರೆ ಒಮ್ಮೆ ಕೇಳಿ ನೋಡಲಿ, ಎಲ್ಲಾದರೂ ಸುಳ್ಳಿದ್ದರೆ ಅವರು ಹೇಳುತ್ತಾರೆ.

ನನಗೆ ಬೇಕಾದದ್ದು ಇಷ್ಟು. ಒಂಬತ್ತನೆಯ ಘಟನೆಯನ್ನು ಮರುಪರೀಕ್ಷೆ ಮಾಡಿ, ನನ್ನನ್ನು ಕರೆಸಿ. ಸ್ಟವ್, ಬಾಣಲೆ, ಎಣ್ಣೆ ನಾನೇ ತರುತ್ತೇನೆ, ಪುತ್ರಜಯಾದ ನಿಮ್ಮ ಮೇಜಿನ ಮೇಲೆಯೇ ಕರಿದು ತೋರಿಸುತ್ತೇನೆ. ಕಡತ ಮುಚ್ಚಿ, ಮುಚ್ಚಿದ್ದೇವೆ ಎಂದು ನಝೀರನಿಗೆ ಸಹಿ ಹಾಕಿದ ಕಾಗದ ಕೊಡಿ. ಅವನ ಕೆಲಸದ ಪರವಾನಗಿ ಈ ಡಿಸೆಂಬರಿಗೆ ಮುಗಿದುಹೋಗುತ್ತದೆ. ಕಡತ ತೆರೆದೇ ಇದ್ದರೆ ಅವನು ಇಲ್ಲಿ ಇರುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲ. ಪುಸ್ತಕದ ಹದಿನಾಲ್ಕನ್ನು ಹದಿಮೂರು ಮಾಡಿ, ತಿದ್ದಿದ್ದೇವೆ ಎಂದು ಸಂಸತ್ತಿಗೆ ಹೇಳಿ. ಹದಿಮೂರಕ್ಕೂ ಹಣ ಸಿಗುತ್ತದೆ, ಗಾಬರಿ ಬೇಡ.

ನಮ್ಮ ವಿಭಾಗದಲ್ಲಿ ಪ್ರತಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ, ಚೆನ್ನಾಗಿದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಚಿಪ್ಪನ್ನು ಯಂತ್ರಕ್ಕೆ ಹಾಕುತ್ತೇವೆ. ಅದನ್ನು ಯಂತ್ರ ಕೆಟ್ಟದ್ದೆಂದರೆ ಕೆಟ್ಟಿರುವುದು ಚಿಪ್ಪಲ್ಲ, ಯಂತ್ರ. ಎಲ್ಲ ಭಾಷೆ ಓದುವ ನಿಮ್ಮ ಹೊಸ ವ್ಯವಸ್ಥೆಗೆ ಈ ಪತ್ರವೇ ಆ ಚಿಪ್ಪು. ಇದನ್ನು ಓದಿ ಅದು ಏನು ಹೇಳುತ್ತದೋ ನೋಡಿ, ಆಮೇಲೆ ಅದಕ್ಕೆ ದುಡ್ಡು ಕೊಡುವ ಯೋಚನೆ ಮಾಡಿ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ನಝೀರನಿಗೆ ಓದಿ ಹೇಳಿದೆ. ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ. ಕಾರಿನ ವಿಷಯ ಬಂದಾಗ ಎದ್ದು ಬಾಲ್ಕನಿಗೆ ಹೋಗಿ ಮತ್ತೆ ಬಂದು ಕೂತ. ಕೊನೆಗೆ ಒಂದೇ ಮಾತು ಹೇಳಿದ: "ಅಕ್ಕಾರ, ಆ ಬಾಗಲಾ ತಗೀಲಿಲ್ಲ ಅನ್ನೂದು ಒಂದ ತಗದುಬಿಡ್ರಿ. ನಿಮ್ಮ ಪಿಆರ್‌ಗೆ ತ್ರಾಸ ಆಗ್ತದ."

ಅದನ್ನು ತೆಗೆದಿಲ್ಲ. ನಿಮ್ಮವರನ್ನು ಮತ್ತೆ ಕಳಿಸಿ. ಈ ಸಲ ಬೆಲ್ ಒತ್ತಿದರೆ ಬಾಗಿಲು ತೆಗೆಯುತ್ತೇನೆ.

ಇಂತಿ,
ಹತ್ತೊಂಬತ್ತು ತಿಂಗಳು ತಡವಾಗಿ,
ವಾಸಂತಿ
ನಝೀರನ ಎದುರುಮನೆ, ಹದಿನಾರನೆಯ ಮಹಡಿ,
ಬಯಾನ್ ಲೆಪಾಸ್, ನವೆಂಬರ್ ೨೦೨೧